ಬಿಟ್ಟ ಮೀನು

ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ಕುಳಿತವನನ್ನು ಸೋಮಾರಿಯೆಂದು ಎಣಿಸುವುದು ಲೋಕದ ವಾಡಿಕೆ. ಕನ್ನಡ ನಾಡಿನ ಹಿಂದಿನವರು ಹಾಗೆ ಎಣಿಸಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಮತ್ಸ್ಯವಿನೋದಕ್ಕೂ ಸ್ಥಾನವಿತ್ತು, ಮೀನುಗಳ ಜಾತಿ, ಅವುಗಳ ಆಹಾರ, ಗಾಳದ ರೀತಿ ಇವನ್ನೆಲ್ಲ ವಿವರಿಸಿರುವನು. ಹೊಳೆಯನ್ನು ಅರಿಯದವನಿಗೆ ಗಾಳ ಒಲಿಯದು.

ಮಂಡ್ಯದ ಸೀಮೆಯ ಉಪಾಧ್ಯಾಯರೊಬ್ಬರಿಗೆ ಈ ವಿನೋದವು ಬಲವಾಗಿ ಅಂಟಿತ್ತು. 1980ರ ದಶಕದಲ್ಲಿ, ಬೇಸಗೆಯ ರಜ ಬಂದೊಡನೆ ಅವರು ಭೀಮೇಶ್ವರಿಗೆ ಹೊರಡುವರು. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯು ಅಲ್ಲಿ ಕಾಡುಬೆಟ್ಟಗಳ ನಡುವೆ ಬಂಡೆಗಳನ್ನು ಬಳಸಿಕೊಂಡು ಹರಿಯುತ್ತಾಳೆ. ಹರಿಗೋಲಿನ ಮುದುಕನೊಬ್ಬನು ಅವರಿಗೆ ಗುರು. ರಾಗಿಯ ಹಿಟ್ಟನ್ನು ಬೇಯಿಸಿ, ನಾದಿ, ನಿಂಬೆಯ ಗಾತ್ರದ ಉಂಡೆ ಮಾಡಿ ಗಾಳಕ್ಕೆ ಮೆತ್ತಿ ಮಡುವಿಗೆ ಬಿಡಬೇಕು. ಬಳಿಕ ದಾರವನ್ನು ಬೆರಳ ತುದಿಯಲ್ಲಿ ಮುಟ್ಟಿಕೊಂಡು ಗಂಟೆಗಟ್ಟಲೆ ಕಾಯಬೇಕು.

ಕಾಯುತ್ತಿದ್ದುದು ಮಹಸೀರಿಗಾಗಿ. ಅಲ್ಲಿಯವರು ಅದನ್ನು ಬಿಳಿಮೀನೆನ್ನುವರು. ಅದಕ್ಕೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಉಂಟು. ಏಡಿಯನ್ನು ಅಲ್ಲಿಯೇ ಅರೆದು ನುಂಗುವುದು. ಕಾವೇರಿಯ ಸ್ವಂತದ ಜಾತಿಗೆ ಬೆನ್ನ ಮೇಲೆ ಡುಬ್ಬ, ಕಿತ್ತಿಳೆಯ ಬಣ್ಣದ ಈಜುರೆಕ್ಕೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ನರಿಗೆ ಸಿಕ್ಕಿದ ಮೀನು 120 ಪೌಂಡು ತೂಗಿತ್ತು.

ಉಪಾಧ್ಯಾಯರಿಗೆ ಅಷ್ಟು ದೊಡ್ಡದು ಸಿಕ್ಕಲಿಲ್ಲ. ಆದರೂ ಒಂದು ಸಂಜೆ ರಾಟೆಯ ದಾರವು ಕಿರ್ರೆಂದು ಓಡತೊಡಗಿತು. "ಎಳೀಬೇಡಿ ಮೇಷ್ಟ್ರೆ, ಓಡ್ಲಿ ಬಿಡಿ" ಎಂದು ಮುದುಕನು ಹರಿಗೋಲನ್ನು ಅದರ ಹಿಂದೆಯೇ ನಡೆಸಿದನು. ಕತ್ತಲಾಗುವ ವೇಳೆಗೆ ಡುಬ್ಬದ ಮೀನು ದಂಡೆಯ ಮರಳಿಗೆ ಬಂದಿತು. ಉಪಾಧ್ಯಾಯರು ಗಾಳ ಬಿಡಿಸಿ, ಅದನ್ನು ಪ್ರವಾಹಕ್ಕೆ ಮುಖ ಮಾಡಿಸಿ ಹಿಡಿದು, ಕಿವಿರು ಸರಿಯಾಗಿ ಆಡುವವರೆಗೆ ಕಾದು ಬಿಟ್ಟುಕೊಟ್ಟರು. ಅದು ಬಾಲವನ್ನು ಒಮ್ಮೆ ಬೀಸಿ ಮಡುವಿನೊಳಗೆ ಮರೆಯಾಯಿತು.

ಹೊಳೆಗೆ ಸಿಡಿಮದ್ದು ಹಾಕಿ ಮೀನನ್ನು ಒಮ್ಮೆಗೇ ಕೊಲ್ಲುವವರಿದ್ದ ಕಾಲ ಅದು. ಆ ನಷ್ಟವನ್ನು ತುಂಬಲೆಂದು ಲೋಣಾವಳೆಯ ಮರಿಸಾಕಣೆಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರನ್ನು 1970ರ ದಶಕದಿಂದ ಕಾವೇರಿಗೆ ಬಿಡುತ್ತಿದ್ದರು. ಒಂದು ವರ್ಷ ಆ ಪುಣ್ಯಕಾರ್ಯಕ್ಕೆ ಉಪಾಧ್ಯಾಯರೂ ಕೈಜೋಡಿಸಿದರು. ಮರಿಗಳು ನೀರಿಗಿಳಿಯುವುದನ್ನು ನೋಡುತ್ತ ಮುದುಕನು, "ಇವು ಯಾವ ಹೊಳೇವು ಮೇಷ್ಟ್ರೆ?" ಎಂದು ಕೇಳಿದನು.

"ಯಾವ ಹೊಳೆಯದಾದರೇನಪ್ಪ, ಬಿಳಿಮೀನೇ ಅಲ್ಲವೆ?" ಎಂದು ಇವರು ನಕ್ಕರು.

ಮುಂದೆ ಅವರ ದಿನಚರಿಯಲ್ಲಿ ಮೀನಿನ ಲೆಕ್ಕ ಏರುತ್ತ ಹೋಯಿತು. ಅವರು ಹಿಗ್ಗಿದರು. 2010ರ ಬಳಿಕ ಅಭಯಾರಣ್ಯದ ಆ ಭಾಗದಲ್ಲಿ ಗಾಳದ ವಿಹಾರವು ನಿಂತಿತು. ಕೋಲು ಅಟ್ಟ ಸೇರಿತು. ಅಷ್ಟು ಹೊತ್ತಿಗೆ ಮುದುಕನೂ ಇರಲಿಲ್ಲ.

ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು: ನೀಲಿ ರೆಕ್ಕೆಯದು ಹೆಚ್ಚಿತ್ತು, ಡುಬ್ಬದ್ದು ಅಳಿಯುತ್ತಿತ್ತು. ಡುಬ್ಬದ ಮೀನಿನ ಶಾಸ್ತ್ರೀಯ ಹೆಸರು ಟಾರ್ ರೆಮಾದೇವಿ ಎಂದು 2018ರಲ್ಲಿ ನಿಶ್ಚಯವಾಯಿತು. ಕಾವೇರಿಯ ನೀರನ್ನು ಬಿಟ್ಟರೆ ಅದಕ್ಕೆ ಲೋಕದಲ್ಲಿ ಬೇರೆ ನೆಲೆಯಿಲ್ಲ. ಅದೇ ವರ್ಷ ಅದು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿತು. ಅಣೆಕಟ್ಟು, ಮರಳಿನ ಲೂಟಿ, ಸಿಡಿಮದ್ದು ಇವುಗಳ ಜೊತೆಗೆ ಹೊರಗಿನಿಂದ ತಂದು ಬಿಟ್ಟ ಮೀನೂ ಅದಕ್ಕೆ ಕಾರಣವೆಂದರು.

ಉಪಾಧ್ಯಾಯರು ಹಳೆಯ ದಿನಚರಿಗಳನ್ನು ತೆಗೆದು ನೋಡಿದರು. ಸಂಖ್ಯೆ, ತೂಕ ಎಲ್ಲವೂ ಅಚ್ಚುಕಟ್ಟಾಗಿ ಇದ್ದವು; ಜಾತಿಯನ್ನು ಮಾತ್ರ ಬರೆದಿರಲಿಲ್ಲ. ಸಂಜೆ ಮಂಕಾಗುವವರೆಗೆ ಅವರು ಆ ಪುಟಗಳ ಮುಂದೆಯೇ ಕುಳಿತಿದ್ದರು.

ಈಗ ಮೊಮ್ಮಗನು ಗಾಳ ಹಾಕಿ ಮೀನು ತಂದು ತೋರಿಸಿದರೆ ಅವರು ತೂಕ ವಿಚಾರಿಸುವುದಿಲ್ಲ. ಕನ್ನಡಕವನ್ನು ಸರಿಪಡಿಸಿಕೊಂಡು, ರೆಕ್ಕೆಯನ್ನು ಬಿಡಿಸಿ ನೋಡಿ, "ಇದು ಯಾವ ಹೊಳೆಯದಪ್ಪ?" ಎಂದು ಕೇಳುವರು.