ಎನ್‌ಟಿಎಲ್‌ಡಿಆರ್ ಕಾಣೆಯಾದ ಕಾಲ

ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಅದಕ್ಕೂ ಮುಂಚೆ ನಮ್ಮ ಕಡೇಚೂರು ಗುಲ್ಬರ್ಗಾ ಜಿಲ್ಲೆಯ ಊರು. ಆ ವರ್ಷಗಳಲ್ಲಿ ನಮ್ಮಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಯಾದಗಿರಿಯಲ್ಲೋ ರಾಯಚೂರಿನಲ್ಲೋ ಬಿಡಿಭಾಗ ಜೋಡಿಸಿ ತಂದ ಪೆಟ್ಟಿಗೆಗಳು, ಒಳಗೆ ವಿಂಡೋಸ್ ಎಕ್ಸ್‌ಪಿ. ಕರೆಂಟ್ ಹೇಳಿಕೇಳಿ ಹೋಗುತ್ತಿರಲಿಲ್ಲ. ಹಾರ್ಡ್‌ಡಿಸ್ಕ್ ಏನನ್ನಾದರೂ ಬರೆಯುತ್ತಿರುವಾಗಲೇ ಹೋಯಿತೆಂದರೆ ಆ ಫೈಲ್ ಕೆಟ್ಟಂತೆಯೇ.

"ಅಣ್ಣಾ, ಕರೆಂಟ್ ಹೋಗಿ ಬಂತು, ಈಗ ಬರೇ ಕರಿ ಪರದಾ ಬರ್ಲಾಕತ್ತದ" ಎಂದು ಯಾರಾದರೂ ಬಂದರೆ ಹೋಗಿ ನೋಡುತ್ತಿದ್ದೆ. ಪರದೆ ಪೂರ್ತಿ ಖಾಲಿ ಇರುತ್ತಿರಲಿಲ್ಲ. ಮೇಲ್ಗಡೆ ಬಿಳಿ ಅಕ್ಷರದ ಒಂದು ಸಾಲು: ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್. ಸುಮಾರು 250 ಕೆಬಿಯ ಈ ಫೈಲ್ ಸಿ ಡ್ರೈವ್‌ನ ಬಾಗಿಲಲ್ಲೇ ಕೂತಿರುತ್ತಿತ್ತು. ಗುಂಡಿ ಒತ್ತಿದ ಮೇಲೆ ವಿಂಡೋಸನ್ನು ಎಬ್ಬಿಸುವುದು ಅದರ ಕೆಲಸ. ಅದಿಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಕಂಪ್ಯೂಟರ್ ಏಳುತ್ತಿರಲಿಲ್ಲ.

ಮೊದಲು ಫ್ಲಾಪಿ ಡ್ರೈವ್ ನೋಡಬೇಕು. ಒಳಗೆ ಮರೆತ ಫ್ಲಾಪಿ ಇದ್ದರೂ ಇದೇ ಸಾಲು ಬರುತ್ತಿತ್ತು, ತೆಗೆದರೆ ಮುಗಿಯಿತು. ಇಲ್ಲವಾದರೆ ಎಕ್ಸ್‌ಪಿ ಸೀಡಿ ಹಾಕಿ, ಅದರಿಂದಲೇ ಶುರು ಮಾಡಿ, ನೀಲಿ ಪರದೆ ಬಂದಾಗ 'ಆರ್' ಒತ್ತಬೇಕು. ಪಾಸ್‌ವರ್ಡ್ ಕೇಳಿದರೆ ಬರೀ ಎಂಟರ್, ನಮ್ಮ ಮನೆಗಳಲ್ಲಿ ಯಾರೂ ಇಟ್ಟಿರುತ್ತಿರಲಿಲ್ಲ. ಆಮೇಲೆ ಕಾಪಿ ಎಂದು ಟೈಪಿಸಿ, ಸೀಡಿಯ ಐ386 ಫೋಲ್ಡರಿನಿಂದ ಆ ಫೈಲನ್ನು ಸಿ ಡ್ರೈವ್‌ಗೆ ತರುವುದು. ಜೊತೆಗೆ ಎನ್‌ಟಿಡಿಟೆಕ್ಟ್ ಎಂಬ ಫೈಲನ್ನೂ ತರಬೇಕು. ಉಳಿದ ಹೆಚ್ಚಿನ ಫೈಲ್‌ಗಳು ಸೀಡಿಯಲ್ಲಿ ಮಡಚಿಟ್ಟ ರೂಪದಲ್ಲಿದ್ದವು, ಹೆಸರಿನ ಕೊನೆಯ ಅಕ್ಷರದ ಜಾಗದಲ್ಲಿ ಅಡಿಗೆರೆ. ಅವಕ್ಕೆ ಎಕ್ಸ್‌ಪ್ಯಾಂಡ್ ಆಜ್ಞೆ ಬಳಸುತ್ತಿದ್ದೆ. ಹಾಲ್.ಡಿಎಲ್‌ಎಲ್ ಎಂಬ ಫೈಲ್ ಇಲ್ಲವೆಂದು ಪರದೆಯಲ್ಲಿ ಬಂದರೆ ಮಾತ್ರ ಅವಸರ ಮಾಡಬಾರದು. ಎಷ್ಟೋ ಸಲ ಆ ಫೈಲ್ ಇದ್ದಲ್ಲೇ ಇರುತ್ತಿತ್ತು, ದಾರಿ ತೋರಿಸುವ ಬೂಟ್.ಐಎನ್‌ಐ ಕೆಟ್ಟಿರುತ್ತಿತ್ತು.

ಕೆಡದ ಕಂಪ್ಯೂಟರಿನಲ್ಲೂ ನಮಗೆ ಒಂದು ಕೊರತೆ ಇತ್ತು, ಅದು ಇಂದಿಗೂ ನನಗೆ ಸರಿ ಕಾಣುವುದಿಲ್ಲ. ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಬಂದಿತ್ತು. ಆದರೆ ಒತ್ತಕ್ಷರ ಜೋಡಿಸುವ ಫೈಲ್‌ಗಳನ್ನು ನಾವೇ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಒಂದು ಚೌಕಕ್ಕೆ ಗುರುತು ಹಾಕಿ, ಅದೇ ಸೀಡಿಯಿಂದ ಹಾಕಿಕೊಳ್ಳಬೇಕಿತ್ತು. 10 ಎಂಬಿ ಜಾಗ ಬೇಕೆಂದು ವಿಂಡೋಸ್ ಎಚ್ಚರಿಸುತ್ತಿತ್ತು. ಹಾಕದಿದ್ದರೆ ಜಾಲತಾಣದ ಕನ್ನಡ ಮುರಿದು ಬೀಳುತ್ತಿತ್ತು. ನುಡಿಯಂಥ ತಂತ್ರಾಂಶ ತನ್ನದೇ ಫಾಂಟ್ ತರುತ್ತಿದ್ದರಿಂದ ಟೈಪಿಂಗ್ ನಡೆಯುತ್ತಿತ್ತು. ಈ ತೊಡಕು ತೀರಿದ್ದು ವಿಸ್ಟಾ ಬಂದ ಮೇಲೆ.

ಅದೇನು ಒಳ್ಳೆಯ ಕಾಲವಲ್ಲ. ಸೀಡಿಗೆ ಗೀರು ಬಿದ್ದರೆ ಸೈದಾಪುರಕ್ಕೆ ಹೋಗಿ ರೈಲು ಹಿಡಿದು ಮತ್ತೊಂದು ತರಬೇಕಿತ್ತು. ಆದರೆ ವಿಂಡೋಸ್ ಪೂರ್ತಿ ಕೆಟ್ಟರೂ ಹಾರ್ಡ್‌ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಮದುವೆಯ ಫೋಟೋ, ಹತ್ತಿ-ತೊಗರಿಯ ಲೆಕ್ಕ ಸಿಗುತ್ತಿದ್ದವು.

ಈಗ ಕಡೇಚೂರು-ಬಾಡಿಯಾಳ ಎಂದರೆ ಕೈಗಾರಿಕಾ ಪ್ರದೇಶ. ಮನೆಗಳಲ್ಲಿ ಲ್ಯಾಪ್‌ಟಾಪ್ ಇವೆ, ಕರೆಂಟ್ ಹೋದರೂ ಬ್ಯಾಟರಿ ಇದೆ. ಎಸ್‌ಎಫ್‌ಸಿ ಸ್ಕ್ಯಾನ್‌ನೌ ಎಂಬ ಆಜ್ಞೆ ಕೊಟ್ಟರೆ ಕೆಟ್ಟ ಫೈಲನ್ನು ವಿಂಡೋಸ್ ತಾನೇ ಗುರುತಿಸಿ ತನ್ನ ದಾಸ್ತಾನಿನಿಂದ ಹಾಕಿಕೊಳ್ಳುತ್ತದೆ. ದಾಸ್ತಾನೇ ಕೆಟ್ಟಿದ್ದರೆ ಡಿಐಎಸ್‌ಎಂ ಆಜ್ಞೆ ಇಂಟರ್‌ನೆಟ್‌ನಿಂದ ತರಿಸುತ್ತದೆ. ವಿಂಡೋಸ್‌ನ ಫೈಲ್ ಕಳೆಯುವುದು ಈಗ ದೊಡ್ಡ ಸಂಗತಿಯೇ ಅಲ್ಲ.

ಕಷ್ಟ ಬೇರೆ ಕಡೆ ಬಂದು ಕೂತಿದೆ. ಇಂದಿನ ಬಹಳಷ್ಟು ಹೊಸ ಲ್ಯಾಪ್‌ಟಾಪ್‌ಗಳು, ಮೈಕ್ರೋಸಾಫ್ಟ್ ಖಾತೆಯಿಂದ ತೆರೆದರೆ, ಡಿಸ್ಕಿಗೆ ತಾವೇ ಬೀಗ ಹಾಕಿಕೊಳ್ಳುತ್ತವೆ. ಕಳ್ಳರ ಕೈಗೆ ಸಿಕ್ಕಾಗ ಅದು ಒಳ್ಳೆಯದೇ. ಆದರೆ ರಿಪೇರಿಗೆ ಬಂದಾಗ 48 ಅಂಕಿಯ ಕೀಲಿ ಕೇಳುತ್ತದೆ, ಕೀಲಿ ಆ ಖಾತೆಯಲ್ಲಿರುತ್ತದೆ. ಎಷ್ಟೋ ಮನೆಯವರಿಗೆ ಖಾತೆ ತೆರೆದುಕೊಟ್ಟವರು ಅಂಗಡಿಯವರು. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಡೆ ಸಿಕ್ಕಿಸಿದರೂ ಒಂದು ಫೋಟೋ ಬಾರದು. ವಿಂಡೋಸ್ ಹೊಸದಾಗಿ ಹಾಕಬಹುದು, ಮನೆಯ ಫೈಲ್ ಹೋದದ್ದು ಹೋಯಿತು.

ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಖಾತೆಗೆ ಹೋಗಿ 48 ಅಂಕಿಗಳನ್ನು ಕಾಗದದ ಮೇಲೆ ಬರೆದು, ಪಹಣಿ ಇಟ್ಟ ಟ್ರಂಕಿನಲ್ಲೇ ಇಡಿ. ಫೋಟೋಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ. ಈ ವಾರವೇ ಮಾಡಿ.