ಕುದರಿಗೂ ಗಿರಾಕಿ ಕಾಟ

ಹಾಸ್ಟೆಲ್‌ನಲ್ಲಿ 'ಮೈ ಲಿಟ್ಲ್ ಪೋನಿ' ನೋಡ್ತಾ ಸಿಕ್ಕಿಬಿದ್ದೆ. "ಸೆಕೆಂಡ್ ಇಯರಿಗೆ ಬಂದ್ರೂ ಇನ್ನೂ ಕುದರಿ ಕಾರ್ಟೂನಾ?" ಅಂತ ರೂಮ್‌ಮೇಟ್ ನಕ್ಕಳು.

2010ರಲ್ಲಿ ಲಾರೆನ್ ಫೌಸ್ಟ್ ಹೊಸದಾಗಿ ರೂಪಿಸಿದ ಈ ಕಾರ್ಟೂನ್ 2019ರವರೆಗೆ 9 ಸೀಸನ್ ಓಡಿತು. ಹಿಂದೆ ಇದ್ದದ್ದು ಗೊಂಬೆ ವ್ಯಾಪಾರ, ನಿಜ. ಆದರೆ ಅದರ ಆರು ಗೆಳತಿಯರಲ್ಲಿ ಒಬ್ಬೊಬ್ಬರಿಗೂ ಒಂದು ಸ್ವಭಾವ, ಒಂದು ಕೊರತೆ ಇದೆ. ಹಾಡು ಬಂದರೆ ಕತೆ ನಿಲ್ಲೋದಿಲ್ಲ, ಹಾಡಿನಲ್ಲೇ ಮುಂದೆ ಹೋಗುತ್ತೆ.

ನನಗಿಷ್ಟ ರ‍್ಯಾರಿಟಿ. ಅವಳು ಬಟ್ಟೆ ಹೊಲಿಯೋಳು. ಮೊದಲ ಸೀಸನ್‌ನ ಒಂದು ಕಂತಿನಲ್ಲಿ ಹಾಡ್ತಾ ಹಾಡ್ತಾ ಗೆಳತಿಯರಿಗೆ ಚಂದದ ಉಡುಪು ಹೊಲಿಯುತ್ತಾಳೆ. ಅವರಿಗೆ ಹಿಡಿಸೋದಿಲ್ಲ. ಅದೇ ಹಾಡು ಮತ್ತೆ ಬರುತ್ತೆ, ಈ ಸಲ ಅದರ ತುಂಬ ಅವರ ಬೇಡಿಕೆಗಳು. ಹೇಳಿದಂತೆಲ್ಲ ಬದಲಿಸಿ ಬಟ್ಟೆ ಕೆಡುತ್ತೆ, ಜನರ ಮುಂದೆ ಮರ್ಯಾದೆ ಹೋಗೋದು ಅವಳದೇ. ಚಿಕ್ಕವಳಿದ್ದಾಗ ನನಗೆ ಬಣ್ಣ, ಹಾಡು ಸಾಕಿತ್ತು. ಈಗ ಅವಳ ದುಡಿಮೆ ಕಾಣುತ್ತೆ.

ನಮ್ಮೂರು ಇಳಕಲ್. ಅವ್ವ ಸೀರೆ ನೇಯ್ತಾಳೆ. ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಕೈಯಿಂದ ಕುಣಿಕೆ ಹಾಕಿ ಜೋಡಿಸಬೇಕು. ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಯಾರಾದರೂ ಕೇಳಿದರೆ "ಹೌಸ್‌ವೈಫ್" ಅಂತಿದ್ದೆ.

ಹೋದ ತಿಂಗಳು ಊರಿಗೆ ಹೋದಾಗ ಆ ಕಂತನ್ನು ಅವ್ವಗೆ ತೋರಿಸಿದೆ. ಇಂಗ್ಲಿಷ್ ತಿಳಿಯದಿದ್ದರೂ ಎರಡನೇ ಹಾಡು ಬಂದಾಗ ಜೋರಾಗಿ ನಕ್ಕಳು: "ಪಾಪ, ಇದಕ್ಕೂ ಗಿರಾಕಿ ಕಾಟ ಐತಲ್ಲ!"

ಮೊನ್ನೆ ರೂಮ್‌ಮೇಟ್ ಕೇಳಿದಳು, "ನಿಮ್ಮವ್ವ ಏನ್ ಮಾಡ್ತಾರ?"

"ಸೀರಿ ನೇಯ್ತಾಳ" ಅಂದೆ.