ಶಿಷ್ಯನ ಬಂದೂಕಿಗೆ ಯಾವ ಕಾಡತೂಸು?

ಇಳಕಲ್ಲಿನಲ್ಲಿ ನನ್ನಿಂದ ಭೌತಶಾಸ್ತ್ರ ಕಲಿತ ಶಿಷ್ಯನೊಬ್ಬ ಈಗ ಟೆಕ್ಸಾಸಿನಲ್ಲಿ ಹೊಲ ಮಾಡಿಕೊಂಡಿದ್ದಾನೆ. ಕಾಡುಹಂದಿಗಳ ಕಾಟ ವಿಪರೀತ. ಅಲ್ಲಿ ಅವುಗಳ ಬೇಟೆಗೆ ಕಾನೂನಿನ ಅಡ್ಡಿಯಿಲ್ಲ. ಅವನಲ್ಲಿರುವುದು .223 ಕಾಡತೂಸಿನ ಸೆಮಿ-ಆಟೊಮ್ಯಾಟಿಕ್ ಬಂದೂಕು. "ಅದನ್ನ .450 ಬುಷ್‌ಮಾಸ್ಟರಿಗೆ ಬದಲಾಯಿಸ್ಲೇನ್ರಿ ಸರ್?" ಎಂದು ಫೋನಿನಲ್ಲಿ ಕೇಳಿದ.

1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಪ್ರಾಣತೆತ್ತ ಹಲಗಲಿ ಬೇಡರ ಜಿಲ್ಲೆಯವನಾದರೂ ನಾನು ಬಂದೂಕು ಮುಟ್ಟಿದವನಲ್ಲ. ಆದರೆ ಲೆಕ್ಕ ನನ್ನದೇ ತಾನೆ!

.223ರ ಗುಂಡು ಸುಮಾರು 3.6 ಗ್ರಾಂ, ವೇಗ ಸೆಕೆಂಡಿಗೆ 975 ಮೀಟರು; .450ರದು 16 ಗ್ರಾಂ, 670 ಮೀಟರು. ವೇಗ ತಗ್ಗಿದರೂ ಸಂವೇಗ ಮೂರು ಪಟ್ಟು. ದಪ್ಪ ಚರ್ಮದ ಹಂದಿ ನರಳದೆ ಬೀಳಲು ಭಾರದ ಗುಂಡೇ ಲೇಸು. ಆದರೆ ಭುಜಕ್ಕೆ ಬೀಳುವ ಒದೆತವೂ ಹೆಚ್ಚು. ನಳಿಗೆ, ಬೋಲ್ಟ್ ಎರಡನ್ನೂ ಬದಲಿಸಬೇಕು. ಮ್ಯಾಗಜೀನಿನಲ್ಲಿ ಹಿಡಿಯುವ ಕಾಡತೂಸುಗಳೂ ಕಡಿಮೆ.

"ನಿಧಾನದ ಗುಂಡು, ನೆರೆಯವರಿಗೆ ಅಪಾಯಿಲ್ರಿ" ಎಂದ. ಅದನ್ನು ಮಾತ್ರ ನಾನು ಒಪ್ಪಲಿಲ್ಲ. ಗುರಿ ತಪ್ಪಿದರೆ ಅದೂ ಕಿಲೋಮೀಟರು ದಾಟೀತು. ಅವನ ಹೊಲದಂಚಿಗೇ ಮನೆಗಳಿವೆ, ಅಂಗಳದಲ್ಲಿ ಮಕ್ಕಳಿದ್ದಾರೆ. ಅಟ್ಟಣೆ ಕಟ್ಟಿಕೊಂಡು ಕೆಳಮುಖವಾಗಿ, ಹಿಂದೆ ಮಣ್ಣಿನ ದಿಬ್ಬವಿದ್ದಾಗಷ್ಟೇ ಹೊಡೆ ಎಂದೆ.

ಮರುವಾರ ಅಟ್ಟಣೆಯ ಚಿತ್ರ ಕಳುಹಿಸಿದ. ಕಾಡತೂಸು ಇನ್ನೂ ಕೊಂಡಿಲ್ಲವಂತೆ.